ಸರ್ವಾನುಮತ ಅಂತ ಬರೆಯೋಕೆ ಮುಂಚೆ

ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

ಮೊನ್ನೆ ರಾತ್ರಿ ದೋಣಿಗಲ್ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಣ್ಣ, ಮುಂದಿನ ವಾರ ಗ್ರಾಮಸಭೆ ಐತೆ. ಹೆದ್ದಾರಿ ಪಕ್ಕದ ಎರಡು ಎಕರೆ ಸರ್ಕಾರಿ ಜಾಗದ ವಿಷಯ ಇಡ್ತಾರಂತೆ. ಕೈ ಎತ್ತೋದಾ, ಬ್ಯಾಡ್ವಾ?" ಅಂದ. ಅಜೆಂಡಾದಲ್ಲಿ ಏನಂತ ಬರೆದಿದ್ದಾರೆ ಓದಪ್ಪ ಅಂದೆ. ಓದಿದ: "ಗ್ರಾಮದ ಅಭಿವೃದ್ಧಿಯ ದೃಷ್ಟಿಯಿಂದ ಸದರಿ ಜಾಗವನ್ನು ಪ್ರವಾಸಿಗರ ಸೌಲಭ್ಯ ಹಾಗೂ ವಾಹನ ನಿಲುಗಡೆಗೆ ಕಾಯ್ದಿರಿಸುವ ಬಗ್ಗೆ."

ಅದೇ ಜಾಗಕ್ಕೆ ನಮ್ಮ ಲೈನ್ ಮನೆಗಳ ಕುಟುಂಬಗಳು ಸೈಟು ಕೇಳಿ ವರ್ಷಗಟ್ಟಲೆಯಿಂದ ಅರ್ಜಿ ಕೊಡ್ತಾ ಬಂದಿದ್ದಾವೆ. ಅಜೆಂಡಾದಲ್ಲಿ ಅದರ ಸುದ್ದಿಯೇ ಇಲ್ಲ.

"ಹೂಂ ಅಂದ್ರೆ ನಮ್ಮ ಸೈಟು ಹೋಯ್ತು. ಊಹೂಂ ಅಂದ್ರೆ ಅಭಿವೃದ್ಧಿ ವಿರೋಧಿಗಳು ಅಂತಾರೆ. ನೀವೇ ಹೇಳಿ" ಅಂದ. ನಾಳೆ ಹೇಳ್ತೀನಿ ಅಂದೆ. ಒಂದು ಮಾತಲ್ಲಿ ಹೇಳೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ. ಇದು ಅವನೊಬ್ಬನ ಪ್ರಶ್ನೆಯೂ ಅಲ್ಲ.

ನಾನು ಹೊಟ್ಟೆಪಾಡಿಗೆ ಗುಮಾಸ್ತ. ಹಗಲೆಲ್ಲಾ ಫೈಲು, ಟಿಪ್ಪಣಿ, ನಡಾವಳಿ. ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಸಲ ಓದಿರೋ ವಾಕ್ಯ ಯಾವುದು ಗೊತ್ತಾ? "ಸಭೆಯಲ್ಲಿ ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು." ಸರ್ವ ಅಂದ್ರೆ ಎಲ್ಲರೂ. ಆ ಎಲ್ಲರಲ್ಲಿ ನಮ್ಮವರು ಎಷ್ಟು ಜನ ಇದ್ರು, ಎಲ್ಲಿ ಕೂತಿದ್ರು, ಅವರಿಗೆ ಪ್ರಶ್ನೆ ಕೇಳಿಸ್ತಾ ಅನ್ನೋದು ಯಾವ ಪುಸ್ತಕದಲ್ಲೂ ಇರಲ್ಲ.

ನಾವು ಐದು ವರ್ಷಕ್ಕೊಮ್ಮೆ ಹಾಕೋ ಓಟು ಒಬ್ಬ ಮನುಷ್ಯನಿಗೆ, ಒಂದು ಚಿಹ್ನೆಗೆ. "ಈ ಕಾನೂನು ಬೇಕಾ ಬೇಡವಾ" ಅಂತ ನೇರವಾಗಿ ನಮ್ಮನ್ನು ಕೇಳೋ ಪದ್ಧತಿ ನಮ್ಮ ಸಂವಿಧಾನದಲ್ಲಿಲ್ಲ. ಒಂದು ಸಲ ಹತ್ತಿರ ಬಂದಿತ್ತು. ತುರ್ತು ಪರಿಸ್ಥಿತಿ ಮುಗಿದ ಮೇಲೆ, 1978ರಲ್ಲಿ ಜನತಾ ಸರ್ಕಾರ ತಂದ ಸಂವಿಧಾನ ತಿದ್ದುಪಡಿ ಮಸೂದೆಯಲ್ಲಿ ಒಂದು ಅಂಶ ಇತ್ತು. ಸಂವಿಧಾನದ ಜಾತ್ಯತೀತ, ಪ್ರಜಾಸತ್ತಾತ್ಮಕ ಗುಣಕ್ಕೆ, ಮೂಲಭೂತ ಹಕ್ಕುಗಳಿಗೆ ಧಕ್ಕೆ ತರೋ ತಿದ್ದುಪಡಿ ಆದ್ರೆ ಜನಮತಗಣನೆ ಮಾಡಬೇಕು, ಅದರಲ್ಲಿ ಕನಿಷ್ಠ ಶೇ. 51 ಮತದಾರರು ಓಟು ಹಾಕಿರಬೇಕು ಅಂತ. ಲೋಕಸಭೆ ಒಪ್ಪಿತು, ರಾಜ್ಯಸಭೆಯಲ್ಲಿ ಆ ಅಂಶ ಬಿದ್ದು ಹೋಯ್ತು. ಹಾಗಾಗಿ ಇವತ್ತು ನಮ್ಮ ಕಡೆಯ ಬಡವರು ವ್ಯಕ್ತಿಗಲ್ಲದೆ ವಿಷಯಕ್ಕೆ ಕೈ ಎತ್ತೋ ಜಾಗ ಅಂದ್ರೆ ವಾರ್ಡ್ ಸಭೆ, ಗ್ರಾಮಸಭೆ. ಅದನ್ನು ಹಗುರವಾಗಿ ತಗೋಬೇಡಿ.

ಮೊದಲು ನಮ್ಮ ನೆಲದ ಚರಿತ್ರೆ ನೋಡೋಣ. ಸಕಲೇಶಪುರಕ್ಕೆ ಹಿಂದೆ ಮಂಜರಾಬಾದ್ ತಾಲ್ಲೂಕು ಅಂತಿದ್ರು. ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಕಾಲಕ್ಕೆ ಪ್ರಜಾಪ್ರತಿನಿಧಿ ಸಭೆ ಶುರುವಾಯ್ತು. ದೇಶಕ್ಕೇ ಮಾದರಿ ಅಂತ ಪಠ್ಯಪುಸ್ತಕದಲ್ಲಿ ಓದಿದ್ದೀವಿ, ಸರಿ. ಆದ್ರೆ ಅಲ್ಲಿಗೆ ಹೋದವರು ಜಮೀನ್ದಾರರು, ವರ್ತಕರು, ಕಂದಾಯ ಕಟ್ಟೋ ಯೋಗ್ಯತೆ ಇದ್ದವರು. ಮಂಜರಾಬಾದಿನಲ್ಲಿ ಕಾಫಿ ತೋಟ ಮಾಡಿದ್ದ ಬ್ರಿಟಿಷ್ ಪ್ಲಾಂಟರ್ ರಾಬರ್ಟ್ ಎಲಿಯಟ್ 1894ರಲ್ಲಿ ಒಂದು ಪುಸ್ತಕ ಬರೆದ. ಚಿನ್ನ, ಬೇಟೆ, ಕಾಫಿ ಜೊತೆಗೆ ಈ ಪ್ರಜಾಪ್ರತಿನಿಧಿ ಸಭೆ ಬಗ್ಗೆಯೂ ಅದರಲ್ಲಿ ಒಂದು ಅಧ್ಯಾಯ ಇದೆ. ಅಂದ್ರೆ ತೋಟದ ದೊರೆಗೆ ಆ ಸಭೆ ಹತ್ತಿರದ ವಿಷಯ. ಅದೇ ತೋಟಗಳಲ್ಲಿ ಕಾಫಿ ಕುಯ್ದವರಿಗೆ ಅಂಥ ಸಭೆ ಇದೆ ಅನ್ನೋದಾದ್ರೂ ಯಾರು ಹೇಳಿದ್ರು? ಬೆಟ್ಟದ ಮೇಲಿನ ಕೂಲಿಯಾಳಿಗೂ ತೋಟದ ಸಾಹುಕಾರ್ರಿಗೂ ಒಂದೇ ಬೆಲೆಯ ಓಟು ಬಂದಿದ್ದು ಬಾಬಾಸಾಹೇಬರ ಸಂವಿಧಾನ ಜಾರಿಯಾದ ಮೇಲೆ, 1951-52ರ ಮೊದಲ ಮಹಾಚುನಾವಣೆಯಲ್ಲಿ. ಕಂದಾಯ ಎಷ್ಟು ಕಟ್ತೀಯ, ಎಷ್ಟು ಓದಿದ್ದೀಯ ಅಂತ ಕೇಳದೆ ಕೊಟ್ಟ ಓಟು ಅದು.

ಹಾಗಾದ್ರೆ ವಿಷಯದ ಮೇಲೆ ಓಟು ಹಾಕಿದ ಜನರ ಕತೆ ಏನಾಯ್ತು? ನಮ್ಮ ಹುಡುಗನ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಅಂತ ನನಗನ್ಸುತ್ತೆ.

1947ರ ಜುಲೈ 6 ಮತ್ತು 7. ಅಸ್ಸಾಮಿನ ಸಿಲ್ಹೆಟ್ ಜಿಲ್ಲೆ ಭಾರತದಲ್ಲಿರಬೇಕಾ, ಪೂರ್ವ ಬಂಗಾಳಕ್ಕೆ ಸೇರಿ ಪಾಕಿಸ್ತಾನಕ್ಕೆ ಹೋಗಬೇಕಾ ಅಂತ ಜನಮತಗಣನೆ ನಡೀತು. ಪೂರ್ವ ಬಂಗಾಳಕ್ಕೆ 2,39,619 ಓಟು, ಅಸ್ಸಾಮಿಗೆ 1,84,041. ಸಿಲ್ಹೆಟ್ಟಿನ ತುಂಬಾ ಚಹಾ ತೋಟಗಳಿದ್ವು. ಛೋಟಾನಾಗಪುರ, ಒಡಿಶಾ, ಆಂಧ್ರ ಕಡೆಯಿಂದ ತಂದ ಆದಿವಾಸಿ, ದಲಿತ ಕೂಲಿಗಳು ತಲೆಮಾರುಗಳಿಂದ ಅಲ್ಲಿದ್ರು. ಅವರಿಗೆ ಓಟು ಕೊಡಲಿಲ್ಲ. ಕಾರಣ? ಇವರು ನೆಲೆ ಇಲ್ಲದವರು, ಬಂದು ಹೋಗೋ ಜನ ಅಂತ! ಆ ನೆಲಕ್ಕೆ ಬೆವರು ಸುರಿಸಿದವರನ್ನು, ಆ ನೆಲ ಯಾವ ದೇಶದಲ್ಲಿರಬೇಕು ಅಂತ ಕೇಳಲೇ ಇಲ್ಲ.

ಆ ಜನಮತಗಣನೆಯಲ್ಲಿ ನಮ್ಮವರೇ ಆದ ಜೋಗೇಂದ್ರನಾಥ ಮಂಡಲ್ ಪಾಕಿಸ್ತಾನದ ಪರ ಪ್ರಚಾರ ಮಾಡಿದ್ರು. ಮುಂದೆ ಪಾಕಿಸ್ತಾನದ ಮೊದಲ ಕಾನೂನು ಮಂತ್ರಿ ಆದ್ರು. ಮೂರೇ ವರ್ಷ. 1950ರಲ್ಲಿ ರಾಜೀನಾಮೆ ಕೊಟ್ಟು ಭಾರತಕ್ಕೆ ವಾಪಸ್ ಬಂದ್ರು. ಅವರನ್ನು ಬೈಯೋದು ಸುಲಭ. ಆದ್ರೆ ಎದುರಿಗೆ ಎರಡೇ ಬಾಗಿಲು ಇಟ್ಟಾಗ, ಎರಡರ ಹಿಂದೆಯೂ ನಮಗೆ ಮನೆ ಇಲ್ಲದಿರಬಹುದು ಅನ್ನೋದಕ್ಕೆ ಅವರ ಬದುಕೇ ಸಾಕ್ಷಿ.

ಇದನ್ನು ಯಾಕೆ ಹೇಳಿದೆ ಅಂದ್ರೆ, ಮೊದಲು ನೋಡಬೇಕಾದ್ದು ಪಟ್ಟಿ. ನಮ್ಮ ಕಡೆ ಲೈನ್ ಮನೆಯವರು ಒಂದು ತೋಟ ಬಿಟ್ಟು ಇನ್ನೊಂದು ತೋಟಕ್ಕೆ ಹೋದ್ರೆ ಹೆಸರು ಹಳೇ ಊರಲ್ಲೇ ಉಳಿಯುತ್ತೆ, ಇಲ್ಲ ಅಳಿಸಿ ಹೋಗುತ್ತೆ. ಗ್ರಾಮಸಭೆಗೆ ಸದಸ್ಯರು ಅಂದ್ರೆ ಆ ಪಂಚಾಯ್ತಿಯ ಮತದಾರರ ಪಟ್ಟಿಯಲ್ಲಿ ಹೆಸರು ಇರೋರು. ಪಟ್ಟಿಯಲ್ಲಿ ಇಲ್ಲ ಅಂದ್ರೆ ನೀವು ಆ ಸಭೆಗೆ ನೆಂಟರು, ಅಷ್ಟೇ. ಇವತ್ತು ನಮ್ಮ ಕಾಫಿ ತೋಟಗಳಿಗೆ ಅಸ್ಸಾಮಿನಿಂದಲೇ ಕೆಲಸಕ್ಕೆ ಬರ್ತಿದ್ದಾರೆ. ಅವರನ್ನು ನೋಡಿದಾಗೆಲ್ಲ ನನಗೆ ಸಿಲ್ಹೆಟ್ ನೆನಪಾಗುತ್ತೆ.

ಇನ್ನೊಂದು ಪಕ್ಕದ್ದೇ ಕತೆ, ಗೋವಾ. 1967ರ ಜನವರಿ 16. ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕಾ, ಕೇಂದ್ರಾಡಳಿತ ಪ್ರದೇಶವಾಗಿ ಬೇರೆ ಉಳಿಯಬೇಕಾ ಅಂತ ಸ್ವತಂತ್ರ ಭಾರತ ಅಲ್ಲಿನ ಜನರನ್ನೇ ಕೇಳಿತು. ಸೇರಬೇಕು ಅಂತ ನಿಂತವರು ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್. ಅವರು ದೇವದಾಸಿ ಹಿನ್ನೆಲೆಯ ಸಮುದಾಯದವರು, ಬಹುಜನರ ನಾಯಕರು. ಅಲ್ಲಿ ಜಮೀನ್ದಾರನಿಗೆ ಭಾಟ್ಕಾರ್ ಅಂತಾರೆ, ಅವನ ಜಾಗದಲ್ಲಿ ಗುಡಿಸಲು ಕಟ್ಕೊಂಡು ಅವನ ಮರ್ಜಿಯಲ್ಲಿ ಬದುಕೋನಿಗೆ ಮುಂಡ್ಕಾರ್ ಅಂತಾರೆ. ನಮ್ಮ ಲೈನ್ ಮನೆ ಬಾಳು ಗೊತ್ತಿರೋರಿಗೆ ಮುಂಡ್ಕಾರ್ ಅಂದ್ರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಮಹಾರಾಷ್ಟ್ರಕ್ಕೆ ಸೇರಿದ್ರೆ ಭಾಟ್ಕಾರರ ಹಿಡಿತ ಸಡಿಲ ಆಗುತ್ತೆ ಅಂತ ನಂಬಿದ ಬಡ ಗೇಣಿದಾರರು ಬಹಳ ಜನ ಇದ್ರು.

ಆದ್ರೆ ಫಲಿತಾಂಶ ಏನು? ಬೇರೆ ಉಳಿಯೋಕೆ 1,72,191 ಓಟು. ಸೇರೋಕೆ 1,38,170. ಬಾಂದೋಡ್ಕರ್ ಪಕ್ಷ ಸೋತಿತು. ಅದಾಗಿ ಕೆಲವೇ ವಾರಗಳಿಗೆ ವಿಧಾನಸಭೆ ಚುನಾವಣೆ ಬಂತು. ಅದೇ ಜನ ಅದೇ ಬಾಂದೋಡ್ಕರ್ ಪಕ್ಷವನ್ನು ಮತ್ತೆ ಗೆಲ್ಲಿಸಿದ್ರು! ಅವರೇ ಮತ್ತೆ ಮುಖ್ಯಮಂತ್ರಿ. ನಮ್ಮಲ್ಲಿ ಎಷ್ಟು ಜನಕ್ಕೆ ಈ ಬುದ್ಧಿ ಇದೆ ಹೇಳಿ. ನಾಯಕ ನಮ್ಮವನೇ, ಅವನಿಗೆ ಓಟು ಹಾಕ್ತೀವಿ, ಆದ್ರೆ ಈ ವಿಷಯದಲ್ಲಿ ಅವನ ಮಾತು ಕೇಳಲ್ಲ ಅಂತ ಹೇಳೋ ಬುದ್ಧಿ. ನಮ್ಮ ಪಂಚಾಯ್ತಿಯ ಮೆಂಬರ್ ನಮ್ಮ ಕೇರಿಯವನೇ ಇರಬಹುದು. ಅವನು ಹೇಳ್ದ ಅಂತ ಕೈ ಎತ್ತೋದು ಬೇಡ. ಅವನು ಬೇಜಾರ್ ಮಾಡ್ಕೋತಾನೆ ಅಂತ ಸುಮ್ಮನಿರೋದೂ ಬೇಡ.

ಗೋವಾದವರಿಗೆ ಇನ್ನೊಂದು ಅನುಕೂಲ ಇತ್ತು. ಅದು ಗುಪ್ತ ಮತದಾನ. ಮುಂಡ್ಕಾರ್ ಯಾರಿಗೆ ಹಾಕಿದ ಅನ್ನೋದು ಭಾಟ್ಕಾರನಿಗೆ ಕಾಣ್ತಿರಲಿಲ್ಲ. ನಮ್ಮ ಗ್ರಾಮಸಭೆಯಲ್ಲಿ ಕೈ ಎತ್ತಬೇಕು. ಎತ್ತಿದ ಕೈ ಎಲ್ಲರಿಗೂ ಕಾಣುತ್ತೆ, ಎತ್ತದ ಕೈ ಇನ್ನೂ ಚೆನ್ನಾಗಿ ಕಾಣುತ್ತೆ.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ. ನಾನಾಗ ಹಾಸನದಲ್ಲಿ ಬಿ.ಎ. ಓದ್ತಿದ್ದೆ, ರಜೆಗೆ ಊರಿಗೆ ಬಂದಿದ್ದೆ. ಅವ್ವ ತೋಟದ ಆಳು, ನಾವು ಲೈನ್ ಮನೆಯಲ್ಲಿದ್ವಿ. ಒಂದು ಸಭೆ ಕರೆದ್ರು, ಅವ್ವನ ಜೊತೆ ನಾನೂ ಹೋದೆ. ಮುಂದೆ ಕುರ್ಚಿಯಲ್ಲಿ ತೋಟದ ಕಡೆಯವರು, ರೈಟ್ರು, ಮೇಸ್ತ್ರಿ. ಹಿಂದೆ ನೆಲದ ಮೇಲೆ ನಮ್ಮವರು. ಒಬ್ಬರು ಎದ್ದು ಕೇಳಿದ್ರು: "ಊರಿಗೆ ರಸ್ತೆ ಬೇಕಾದವರು ಕೈ ಎತ್ರಪ್ಪ." ರಸ್ತೆ ಯಾರಿಗೆ ಬೇಡ? ಕೈಗಳು ಎದ್ದವು. ಅವ್ವನೂ ಎತ್ತಿದಳು. ಆ ರಸ್ತೆ ಎಲ್ಲಿ ಹಾದು ಹೋಗುತ್ತೆ ಅಂತ ಯಾರೂ ಹೇಳಲಿಲ್ಲ, ಆದ್ರೆ ನಮ್ಮವರಿಗೆಲ್ಲ ಗೊತ್ತಿತ್ತು. ನಾವು ಹೆಣ ಹೂಳ್ತಿದ್ದ ಜಾಗದ ಮೇಲೆ. ನನ್ನ ಅಜ್ಜಿ, ಅಂದ್ರೆ ಅವ್ವನ ಹೆತ್ತ ತಾಯಿ, ಅಲ್ಲೇ ಮಣ್ಣಾಗಿದ್ದಳು.

ವಾಪಸ್ ಬರ್ತಾ ನಾನು ಅವ್ವನ ಮೇಲೆ ರೇಗಾಡಿದೆ. ಕಾಲೇಜು ಓದೋ ಹುಡುಗ, ಬಿಸಿ ರಕ್ತ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ ಹೇಳಿದಳು: "ಮೇಸ್ತ್ರಿ ನನ್ ಕೈನೇ ನೋಡ್ತಿದ್ದ ಕಣೋ. ಎತ್ತದಿದ್ರೆ ಬೆಳಿಗ್ಗೆ ಕೆಲಸಕ್ಕೆ ಎಲ್ಲಿಗೆ ಹೋಗ್ಲಿ? ಈ ಮನೆನೂ ಅವರ್ದೇ." ನನಗೆ ಉತ್ತರ ಇರಲಿಲ್ಲ. ಆಮೇಲೆ ಎಷ್ಟೋ ವರ್ಷಕ್ಕೆ ಒಂದು ಕೆಲಸದ ಮೇಲೆ ಹಳೇ ನಡಾವಳಿ ಪುಸ್ತಕ ನೋಡೋ ಅವಕಾಶ ಸಿಕ್ತು. ಸರ್ವಾನುಮತ ಅಂತಾನೇ ಬರೆದಿತ್ತು.

ಅವ್ವನ ಮೇಲೆ ಈಗ ನನಗೆ ಸಿಟ್ಟಿಲ್ಲ. ಒತ್ತಡದಲ್ಲಿ ಒಪ್ಪಿಗೆ ಕೊಡೋ ಪರಿಸ್ಥಿತಿ ಬಾಬಾಸಾಹೇಬರಿಗೇ ಬಂದಿತ್ತು. 1932ರ ಆಗಸ್ಟಿನಲ್ಲಿ ಬ್ರಿಟಿಷ್ ಸರ್ಕಾರ ಕೋಮುವಾರು ತೀರ್ಪು ಪ್ರಕಟಿಸಿದಾಗ ಅಸ್ಪೃಶ್ಯರಿಗೆ ಎರಡು ಓಟು ಸಿಕ್ಕಿತ್ತು. ಒಂದು, ನಮ್ಮ ಪ್ರತಿನಿಧಿಯನ್ನು ನಾವೇ ಆರಿಸೋಕೆ. ಇನ್ನೊಂದು ಸಾಮಾನ್ಯ ಕ್ಷೇತ್ರದಲ್ಲಿ. ಸೆಪ್ಟೆಂಬರ್ 20ಕ್ಕೆ ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೂತ್ರು. ದೇಶವೆಲ್ಲಾ ಬಾಬಾಸಾಹೇಬರ ಕೈಯನ್ನೇ ನೋಡ್ತಾ ಇತ್ತು. ಸೆಪ್ಟೆಂಬರ್ 24ಕ್ಕೆ ಪೂನಾ ಒಪ್ಪಂದಕ್ಕೆ ಸಹಿ ಹಾಕಿದ್ರು. ನಮ್ಮ ಎರಡನೇ ಓಟು ಹೋಯ್ತು. ಅದರ ನೋವನ್ನು ಅವರು ಮುಂದೆ ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಅನ್ನೋ 1945ರ ಪುಸ್ತಕದಲ್ಲಿ ಬಿಚ್ಚಿ ಬರೆದಿದ್ದಾರೆ. 2008ರಿಂದ ನಮ್ಮ ಸಕಲೇಶಪುರ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ನಿಲ್ಲೋರು ನಮ್ಮವರು, ಗೆಲ್ಲೋರು ಯಾರು ಅಂತ ತೀರ್ಮಾನ ಮಾಡೋರು ಹೆಚ್ಚಿನಂಶ ಬೇರೆಯವರು. ಆ ಸಹಿಯ ನೆರಳು ಇಲ್ಲಿವರೆಗೂ ಇದೆ.

ಆದ್ರೆ ಇದರಲ್ಲೇ ಒಂದು ಪಾಠ ಇದೆ, ಅದನ್ನು ನಾವು ಅಷ್ಟಾಗಿ ಗಮನಿಸಲ್ಲ. ಬಾಬಾಸಾಹೇಬರು ಬರೀ ಹೂಂ ಅಂದು ಎದ್ದು ಬರಲಿಲ್ಲ. ತೀರ್ಪಿನಲ್ಲಿ ಪ್ರಾಂತೀಯ ಸಭೆಗಳಲ್ಲಿ 71 ಸೀಟು ಇದ್ದಿದ್ದನ್ನು 148ಕ್ಕೆ ಏರಿಸಿದ್ರು. ಮೀಸಲು ಸೀಟಿಗೆ ಮೊದಲು ನಮ್ಮವರೇ ಓಟು ಹಾಕಿ ನಾಲ್ಕು ಜನರನ್ನು ಆರಿಸಬೇಕು, ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲರೂ ಸೇರಿ ಆರಿಸಬೇಕು ಅಂತ ಹತ್ತು ವರ್ಷದ ಮಟ್ಟಿಗೆ ಷರತ್ತು ಬರೆಸಿದ್ರು. ಕುತ್ತಿಗೆ ಮೇಲೆ ಕತ್ತಿ ಇದ್ದಾಗಲೂ ಅವರ ಮುಂದೆ ಇದ್ದಿದ್ದು ಹೂಂ, ಊಹೂಂ ಅನ್ನೋ ಎರಡೇ ದಾರಿ ಅಲ್ಲ. ಅವರು ಕಾಗದದ ಮೇಲಿನ ವಾಕ್ಯವನ್ನೇ ತಿದ್ದಿಸಿದ್ರು.

ವಾಕ್ಯ ಎಷ್ಟು ಮುಖ್ಯ ಅನ್ನೋದಕ್ಕೆ ದೂರದ ಒಂದು ಉದಾಹರಣೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಚುನಾವಣೆ ದಿನ ಅಭ್ಯರ್ಥಿಗಳ ಜೊತೆಗೆ ಕಾನೂನಿನ ಪ್ರಶ್ನೆಗಳನ್ನೂ ಮತಪತ್ರದಲ್ಲಿ ಅಚ್ಚು ಹಾಕ್ತಾರೆ. 1996ರಲ್ಲಿ ಪ್ರಸ್ತಾವ 209 ಅಂತ ಒಂದು ಬಂತು. ಅದನ್ನು ತಂದವರು ಇಟ್ಟ ಹೆಸರು ಕ್ಯಾಲಿಫೋರ್ನಿಯಾ ನಾಗರಿಕ ಹಕ್ಕುಗಳ ಪ್ರಸ್ತಾವ. ಜನಾಂಗ, ಲಿಂಗದ ಆಧಾರದಲ್ಲಿ ಸರ್ಕಾರ ತಾರತಮ್ಯ ಮಾಡಬಾರದು, ಆದ್ಯತೆಯನ್ನೂ ಕೊಡಬಾರದು ಅಂತ ಅದರ ಒಕ್ಕಣೆ. ಓದಿದ್ರೆ ಯಾರಿಗಾದ್ರೂ ಸರಿ ಅನ್ಸುತ್ತೆ. ಅದರ ಪರಿಣಾಮ ಏನಪ್ಪಾ ಅಂದ್ರೆ, ಕರಿಯರಿಗೆ, ಹೆಣ್ಣುಮಕ್ಕಳಿಗೆ ಸರ್ಕಾರಿ ಕಾಲೇಜು, ನೌಕರಿಗಳಲ್ಲಿ ಇದ್ದ ಅಫರ್ಮೇಟಿವ್ ಆಕ್ಷನ್, ಅಂದ್ರೆ ನಮ್ಮ ಮೀಸಲಾತಿಯ ದೂರದ ನೆಂಟ, ನಿಂತು ಹೋಯ್ತು. ಪ್ರಸ್ತಾವದ ಒಕ್ಕಣೆಯಲ್ಲಿ ಆ ಪದವೇ ಇರಲಿಲ್ಲ. ಶೇ. 54ಕ್ಕೂ ಹೆಚ್ಚು ಜನ ಹೌದು ಅಂದ್ರು. 2020ರಲ್ಲಿ ಅದನ್ನು ರದ್ದು ಮಾಡೋಕೆ ಇನ್ನೊಂದು ಪ್ರಸ್ತಾವ ತಂದ್ರೆ ಅದೂ ಸೋತಿತು.

ಸ್ವಿಟ್ಜರ್ಲೆಂಡಿನಲ್ಲಿ 1959ರಲ್ಲಿ ಹೆಂಗಸರಿಗೆ ಓಟು ಕೊಡಬೇಕಾ ಅಂತ ಗಂಡಸರನ್ನು ಕೇಳಿದ್ರು. ಮೂರರಲ್ಲಿ ಎರಡು ಪಾಲು ಗಂಡಸರು ಬೇಡ ಅಂದ್ರು. 1971ರವರೆಗೆ ಹೆಂಗಸರು ಕಾಯಬೇಕಾಯ್ತು. ಹಕ್ಕನ್ನು ಬಹುಮತಕ್ಕೆ ಬಿಟ್ರೆ ಹೀಗೇ ಆಗೋದು. ನಮ್ಮೂರಲ್ಲಿ ದಲಿತರಿಗೆ ದೇವಸ್ಥಾನದ ಬಾಗಿಲು ತೆಗೀಬೇಕಾ ಅಂತ ಕೈ ಎತ್ತಿಸಿದ್ರೆ ಏನಾಗುತ್ತೆ ನೀವೇ ಯೋಚನೆ ಮಾಡಿ. ಸಂವಿಧಾನದ 17ನೇ ವಿಧಿ ಯಾವ ಊರಿನ ಬಹುಮತವನ್ನೂ ಕೇಳಲ್ಲ. ಅದಕ್ಕೇ ಬಾಬಾಸಾಹೇಬರು 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹೊಗಳೋರ ಬಾಯಿ ಮುಚ್ಚಿಸಿ, ರಾಜ್ಯಾಂಗಕ್ಕೆ ವ್ಯಕ್ತಿಯೇ ಘಟಕ, ಹಳ್ಳಿಯಲ್ಲ ಅಂತ ನಿಂತಿದ್ದು.

ಹಾಗಂತ ಗ್ರಾಮಸಭೆಯೇ ಬೇಡ ಅಂತೀನಾ? ಇಲ್ಲ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ವೇದಾಂತ ಕಂಪನಿಗಾಗಿ ಬಾಕ್ಸೈಟ್ ಗಣಿ ಮಾಡೋ ಯೋಜನೆ ಬಂದಿತ್ತು. 2013ರಲ್ಲಿ ಸುಪ್ರೀಂ ಕೋರ್ಟು ಗ್ರಾಮಸಭೆಗಳನ್ನು ಕೇಳಿ ಅಂತು. ಹನ್ನೆರಡು ಹಳ್ಳಿಗಳಲ್ಲಿ, ಜಿಲ್ಲಾ ನ್ಯಾಯಾಧೀಶರ ಎದುರಿಗೆ ಸಭೆ ನಡೀತು. ಡೋಂಗ್ರಿಯಾ ಕೊಂಧ್ ಆದಿವಾಸಿಗಳು ಹನ್ನೆರಡೂ ಕಡೆ ಬೇಡ ಅಂದ್ರು. ಗಣಿ ನಿಂತಿತು. ಅಲ್ಲಿ ಪ್ರಶ್ನೆ ನೇರವಾಗಿತ್ತು, ಪಟ್ಟಿಯಲ್ಲಿ ಅವರೇ ಇದ್ರು, ಹೊರಗಿನ ಒಬ್ಬ ನ್ಯಾಯಾಧೀಶರು ನೋಡ್ತಾ ಕೂತಿದ್ರು.

ಈಗ ನಮ್ಮ ಹುಡುಗನಿಗೆ ಉತ್ತರ.

ತಮ್ಮ, ಅಜೆಂಡಾದಲ್ಲಿ ಇರೋ ಹಾಗೆ ಪ್ರಶ್ನೆ ಬಂದ್ರೆ ನಾನಾಗಿದ್ರೆ ಕೈ ಎತ್ತಲ್ಲ. ಪಾರ್ಕಿಂಗ್ ಮೇಲೆ ನನಗೆ ದ್ವೇಷ ಇಲ್ಲ. ಪ್ರವಾಸಿಗರು ಬಂದ್ರೆ ನಮ್ಮ ಹುಡುಗರಿಗೂ ನಾಲ್ಕು ಕಾಸು. ಆದ್ರೆ ಈ ಬೆಟ್ಟದಲ್ಲಿ ಸರ್ಕಾರಿ ಭೂಮಿ ಯಾರ ಪಾಲಾಗಿದೆ ನೋಡು. ಒತ್ತುವರಿ ಮಾಡಿ ಕಾಫಿ ಬೆಳೆದವರಿಗೆ 25 ಎಕರೆವರೆಗೂ 30 ವರ್ಷಕ್ಕೆ ಗುತ್ತಿಗೆ ಕೊಡೋ ಕಾನೂನು ಬಂತು. ಅದಕ್ಕೆ ಯಾರೂ ನಮ್ಮನ್ನು ಕೈ ಎತ್ತಿಸಲಿಲ್ಲ. ಲೈನ್ ಮನೆಯವರು ಕೇಳ್ತಿರೋದು ಒಂದೊಂದು ಸೈಟು. ಸ್ವಂತ ಸೂರು ಇದ್ರೆ ಮುಂದಿನ ಸಭೆಯಲ್ಲಿ ನಿಮ್ಮ ಕೈಯನ್ನು ಮೇಸ್ತ್ರಿ ನೋಡಿದ್ರೂ ಏನೂ ಆಗಲ್ಲ. ಅದಕ್ಕೇ ಆ ಸೈಟು ಬರೀ ಸೈಟಲ್ಲ.

ಈ ವಾರ ಮಾಡಬೇಕಾದ್ದು ಹೇಳ್ತೀನಿ. ಮತದಾರರ ಪಟ್ಟಿ ತೆಗೆದು ಕೇರಿಯ, ಲೈನಿನ ಹೆಸರುಗಳನ್ನು ಗುರುತು ಹಾಕು. ಇಲ್ಲದವರಿಗೆ ಫಾರಂ 6, ಬೇರೆ ಕಡೆಯಿಂದ ಬಂದವರಿಗೆ ಫಾರಂ 8 ತುಂಬಿಸು. ಈ ಸಭೆಗೆ ಆಗದಿದ್ರೂ ಮುಂದಿನದಕ್ಕೆ ಆಗುತ್ತೆ. ಸಭೆಗೆ ಮುಂಚೆಯೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತಗೋ: "ಸದರಿ ಜಾಗದಲ್ಲಿ ಮೊದಲು ನಿವೇಶನರಹಿತರಿಗೆ ನಿವೇಶನ, ಉಳಿದ ಜಾಗದಲ್ಲಿ ವಾಹನ ನಿಲುಗಡೆ" ಅಂತ ವಿಷಯ ತಿದ್ದಬೇಕು ಅಂತ ಅದರಲ್ಲಿ ಬರಿ. ತಿದ್ದಿದ್ರೆ ಎರಡೂ ಕೈ ಎತ್ತು.

ಸಭೆ ದಿನ ಕೋರಂ ಎಣಿಸು. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಇರಬೇಕು. ಶೇ. 30 ಹೆಂಗಸರು, ಜನಸಂಖ್ಯೆಗೆ ತಕ್ಕಷ್ಟು ಪರಿಶಿಷ್ಟರು ಇರಬೇಕು ಅಂತ ನಮ್ಮ ಪಂಚಾಯತ್ ರಾಜ್ ಕಾನೂನೇ ಹೇಳುತ್ತೆ. ಖಾಲಿ ಹಾಜರಿ ಪುಸ್ತಕಕ್ಕೆ ಸಹಿ, ಹೆಬ್ಬೆಟ್ಟು ಹಾಕಬೇಡಿ. ಚದುರಿ ಕೂರಬೇಡಿ, ಒಟ್ಟಿಗೆ ಕೂರಿ, ಹೆಂಗಸರು ಮುಂದೆ ಕೂರಲಿ. ಚೀಟಿ ಹಾಕಿ ಗುಪ್ತವಾಗಿ ಎಣಿಸಿ ಅಂತ ಕೇಳಿ. ಕೊಡದಿದ್ರೂ ಕೇಳಿದ್ದನ್ನು ಬರೆಸಿ. ತಿದ್ದದೆ ಪಾಸು ಮಾಡಿದ್ರೆ ನಿಮ್ಮ ವಿರೋಧವನ್ನು ಹೆಸರು ಸಮೇತ ನಡಾವಳಿಯಲ್ಲಿ ದಾಖಲಿಸೋಕೆ ಹೇಳಿ, ಆಮೇಲೆ ಮಾಹಿತಿ ಹಕ್ಕಿನಲ್ಲಿ ಪ್ರತಿ ತೆಗೀರಿ. ಸರ್ಕಾರಿ ಜಾಗದ ಕೊನೇ ತೀರ್ಮಾನ ಗ್ರಾಮಸಭೆಯದ್ದಲ್ಲ, ಫೈಲು ಮೇಲಕ್ಕೆ ಹೋಗುತ್ತೆ. ಆದ್ರೆ ಗುಮಾಸ್ತನಾಗಿ ಹೇಳ್ತೀನಿ ಕೇಳು. ಮೇಲಿನವರು ಎಲ್ಲಾ ಹಾಳೆ ಓದಲ್ಲ, ಮೊದಲನೇದು ಓದ್ತಾರೆ. ಆ ಹಾಳೆಯಲ್ಲಿ ಸರ್ವಾನುಮತ ಅಂತ ಇರಬಾರದು. ಒಬ್ಬರೇ ಒಬ್ಬರ ವಿರೋಧ ಇದ್ರೂ ಆ ಪದ ಬರೆಯೋಕೆ ಬರಲ್ಲ.

ಮತ್ತೆ ಯಾರಾದ್ರೂ ಅವ್ವಂದಿರು ಹೆದರಿ ಕೈ ಎತ್ತಿದ್ರೆ ದಾರಿಯಲ್ಲಿ ರೇಗಾಡಬೇಡ. ನಾನು ಮಾಡಿದ ತಪ್ಪು ನೀನು ಮಾಡಬೇಡ. ಅವರ ಹೆಸರು ವಿರೋಧದ ಪಟ್ಟಿಯಲ್ಲಿ ಇಲ್ಲದಿದ್ರೂ ಸೈಟಿನ ಪಟ್ಟಿಯಲ್ಲಿ ಇರಲಿ.

ಸಭೆಗೆ ನಾನೂ ಬರ್ತೀನಿ. ಆ ಪಂಚಾಯ್ತಿ ಪಟ್ಟಿಯಲ್ಲಿ ನನ್ನ ಹೆಸರಿಲ್ಲ, ಕೈ ಎತ್ತೋಕೆ ಬರಲ್ಲ. ಹಿಂದೆ ನಿಂತು ಎಣಿಸ್ತೀನಿ.

ಜೈ ಭೀಮ್.